ಯುರೋಪಿನ ಮಾವಿನ ಕ್ಯಾಲೆಂಡರು ಮತ್ತು ನಮ್ಮ ರಾಮನಗರ

ಯುಗಾದಿ ಕಳೆದು ಬೆಂಗಳೂರಿನ ತಳ್ಳುಗಾಡಿಗಳಲ್ಲಿ ಮೊದಲ ಬಾದಾಮಿ ಹಣ್ಣು ಕಾಣಿಸಿಕೊಂಡಾಗ "ಎಲ್ಲಿಯ ಹಣ್ಣಪ್ಪಾ ಇದು?" ಅಂತ ಕೇಳಿ ನೋಡಿ. ಹೆಚ್ಚಿನ ಸಲ ಬರುವ ಉತ್ತರ ರಾಮನಗರದ ಕಡೆಯದು ಅಂತ. ಕೋಲಾರದ ಶ್ರೀನಿವಾಸಪುರದಲ್ಲಿ ಮಾವಿನ ಭರಾಟೆ ಶುರುವಾಗುವುದು ಮೇ ಮಧ್ಯದ ಹೊತ್ತಿಗೆ. ಅಷ್ಟರಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ತೋಟಗಳು ಅರ್ಧ ಖಾಲಿಯಾಗಿರುತ್ತವೆ.

ಈ ನಾಲ್ಕು ತಾಲ್ಲೂಕು ಸೇರಿ 2007ರಲ್ಲಿ ರಾಮನಗರ ಜಿಲ್ಲೆಯಾಯಿತು. 2025ರಲ್ಲಿ ಸರ್ಕಾರ ಅದರ ಹೆಸರನ್ನು ಬೆಂಗಳೂರು ದಕ್ಷಿಣ ಅಂತ ಬದಲಿಸಿತು. ನಾನಂತೂ ಈ ಬರಹದಲ್ಲಿ ರಾಮನಗರ ಅಂತಲೇ ಕರೆಯುತ್ತೇನೆ, ಮಾವಿಗೆ ಅಂಟಿಕೊಂಡ ಹೆಸರು ಅದೇ ತಾನೇ :) ರೇಷ್ಮೆಗೂಡು, ಬೊಂಬೆ, ಶೋಲೆ ಬೆಟ್ಟ ಅಂತ ನಾವು ನೆನಪಿಟ್ಟುಕೊಂಡಿರುವ ಈ ಸೀಮೆ ಕೋಲಾರ ಬಿಟ್ಟರೆ ರಾಜ್ಯದಲ್ಲೇ ಅತಿ ಹೆಚ್ಚು ಮಾವು ಬೆಳೆಯುವ ಜಿಲ್ಲೆ. ಇಪ್ಪತ್ತು ಸಾವಿರ ಹೆಕ್ಟೇರಿಗೂ ಮಿಕ್ಕಿ ಮಾವಿನ ತೋಟಗಳಿವೆ. ಬಾದಾಮಿ, ಸೇಂದೂರ, ರಸಪುರಿ, ಮಲ್ಲಿಕಾ, ತೋತಾಪುರಿ ಎಲ್ಲವೂ ಇಲ್ಲುಂಟು. ಬಹುಪಾಲು ಮಳೆಯನ್ನೇ ನಂಬಿದ ತೋಟಗಳು.

ಇಷ್ಟು ಬೇಗ ಹಣ್ಣು ಬರುತ್ತದೆ, ಇಷ್ಟು ರುಚಿಯಿದೆ, ಬೆಂಗಳೂರಿನ ವಿಮಾನ ನಿಲ್ದಾಣ ಮೂರು ಗಂಟೆಯ ದಾರಿ. ಹಾಗಿದ್ದರೆ ಲಂಡನ್ನಿನ, ಪ್ಯಾರಿಸ್ಸಿನ ಅಂಗಡಿಗಳಲ್ಲಿ ರಾಮನಗರದ ಬಾದಾಮಿ ಯಾಕೆ ತುಂಬಿಲ್ಲ? ಇದಕ್ಕೆ ಉತ್ತರ ಹುಡುಕಲು ನೂರು ವರ್ಷಕ್ಕೂ ಹಿಂದೆ ಹೋಗಬೇಕು, ಅದೂ ಅಮೆರಿಕಕ್ಕೆ!

ಫ್ಲಾರಿಡಾಕ್ಕೆ ಹೋದ ನಮ್ಮ ಗಿಡಗಳು

1889ರಲ್ಲಿ ಅಮೆರಿಕದ ಕೃಷಿ ಇಲಾಖೆ ಭಾರತದಿಂದ ಕೆಲವು ಕಸಿ ಮಾವಿನ ಗಿಡಗಳನ್ನು ತರಿಸಿಕೊಂಡಿತು. ಅದರಲ್ಲಿ ಮಲಗೋವಾ ಎಂಬ ಹೆಸರಿನವೂ ಇದ್ದವು. ಫ್ಲಾರಿಡಾದಲ್ಲಿ ನೆಟ್ಟ ಆ ಗಿಡಗಳು 1894-95ರ ಭಾರೀ ಚಳಿಗೆ ಸಿಕ್ಕಿ ಒಂದೇ ಒಂದು ಮರ ಉಳಿಯಿತು. ಆ ಮರದ ಹಣ್ಣಿನ ಓಟೆಗಳನ್ನು ಕ್ಯಾಪ್ಟನ್ ಜಾನ್ ಹೇಡನ್ ಎಂಬಾತ 1902ರಲ್ಲಿ ತಂದು ತನ್ನ ಮನೆಯ ಹತ್ತಿರ ನೆಟ್ಟ. ಮುಂದಿನ ವರ್ಷ ಆತ ತೀರಿಕೊಂಡ. ಹೆಂಡತಿ ಫ್ಲಾರೆನ್ಸ್ ಗಿಡಗಳನ್ನು ಸಾಕಿದರು. 1910ರಲ್ಲಿ ಒಂದು ಗಿಡ ಕೆಂಪು ಬಣ್ಣದ ಚೆಂದದ ಹಣ್ಣು ಬಿಟ್ಟಿತು. ಅದೇ ಹೇಡನ್ ತಳಿ.

ಈ ಹೇಡನ್‌ನ ಒಂದು ಓಟೆಯಿಂದ ಹುಟ್ಟಿದ್ದು ಟಾಮಿ ಅಟ್ಕಿನ್ಸ್. ನಾರು ಜಾಸ್ತಿ, ರುಚಿ ಅಷ್ಟಕ್ಕಷ್ಟೇ ಅಂತ 1950ರ ದಶಕದಲ್ಲಿ ಫ್ಲಾರಿಡಾದ ಮಾವು ಬೆಳೆಗಾರರ ಸಮಿತಿಯೇ ಇದನ್ನು ಮತ್ತೆ ಮತ್ತೆ ತಿರಸ್ಕರಿಸಿತ್ತು. ಆದರೆ ಅದರ ಸಿಪ್ಪೆ ಗಟ್ಟಿ, ಬಣ್ಣ ಕೆಂಪು, ವಾರಗಟ್ಟಲೆ ಹಡಗಿನಲ್ಲಿ ಕೂತರೂ ಕೊಳೆಯದು. ವ್ಯಾಪಾರಿಗೆ ಇನ್ನೇನು ಬೇಕು? ಕೊನೆಗೆ ಜಗತ್ತಿನ ರಫ್ತು ಮಾರುಕಟ್ಟೆಯನ್ನು ಆಳಿದ್ದು ಅದೇ ಹಣ್ಣು.

ಇನ್ನೊಂದು ಕತೆ ಇದಕ್ಕಿಂತ ಸ್ವಾರಸ್ಯವಾಗಿದೆ. ನಮ್ಮ ತೋತಾಪುರಿಗೆ ತೋಟಗಾರಿಕೆ ಪುಸ್ತಕಗಳಲ್ಲಿ ಬೆಂಗಳೋರಾ ಎಂಬ ಹೆಸರಿದೆ, ಗಿಣಿಮೂತಿ ಅಂತಲೂ ಕರೆಯುತ್ತೇವೆ. ಸಂದರ್ಶಾ ಎಂಬುದು ಇದರದೇ ಮತ್ತೊಂದು ಹೆಸರು ಅಂತ ಹೇಳುತ್ತಾರೆ. ಫ್ಲಾರಿಡಾದಲ್ಲಿ ಈ ಸಂದರ್ಶಾದ ಓಟೆಯಿಂದ ಬ್ರೂಕ್ಸ್ ಎಂಬ ತಳಿ ಹುಟ್ಟಿತು. ಬ್ರೂಕ್ಸ್‌ನ ಓಟೆಯಿಂದ 1930ರ ದಶಕದಲ್ಲಿ ಕೆಂಟ್ ಎಂಬ ತಳಿ ಬಂತು. ಇವತ್ತು ಯುರೋಪಿನಲ್ಲಿ ಬಹಳ ಬೇಡಿಕೆ ಇರುವ, ನಾರಿಲ್ಲದ ಸಿಹಿ ಮಾವು ಅಂದರೆ ಈ ಕೆಂಟ್. ಅಂದರೆ ಚನ್ನಪಟ್ಟಣದ ಸಂತೆಯಲ್ಲಿ ಉಪ್ಪುಖಾರ ಹಚ್ಚಿ ಮಾರುವ ತೋತಾಪುರಿಗೆ ಯುರೋಪಿನಲ್ಲೊಬ್ಬ ಶ್ರೀಮಂತ ಮೊಮ್ಮಗ ಇದ್ದಾನೆ ಅನ್ನಿ!

ಹನ್ನೆರಡು ತಿಂಗಳೂ ಮಾವು

ನಮಗೆ ಮಾವು ಅಂದರೆ ಒಂದು ಕಾಲ. ಕಾಯಬೇಕು, ಬಂದಾಗ ಹೊಟ್ಟೆ ತುಂಬಾ ತಿನ್ನಬೇಕು, ಮುಗಿದ ಮೇಲೆ ಉಪ್ಪಿನಕಾಯಿ ಭರಣಿ ನೋಡಿಕೊಂಡಿರಬೇಕು. ಯುರೋಪಿನ ಅಂಗಡಿಗೆ ಹಾಗಲ್ಲ. ಕಪಾಟಿನಲ್ಲಿ ವರ್ಷವಿಡೀ ಮಾವು ಇರಬೇಕು. ಅದಕ್ಕಾಗಿ ಭೂಮಿಯ ಬೇರೆ ಬೇರೆ ಮೂಲೆಗಳ ಸುಗ್ಗಿಯನ್ನು ಒಂದರ ಹಿಂದೆ ಒಂದು ಪೋಣಿಸಿ ಇಟ್ಟಿದ್ದಾರೆ.

ಡಿಸೆಂಬರಿನಿಂದ ಮಾರ್ಚ್‌ವರೆಗೆ ಪೆರು ದೇಶದ ಕೆಂಟ್. ಏಪ್ರಿಲ್‌ನಿಂದ ಐವರಿ ಕೋಸ್ಟ್, ಮಾಲಿ, ಬುರ್ಕಿನಾ ಫಾಸೊ. ಅದರ ಬೆನ್ನಿಗೆ ಸೆನೆಗಲ್. ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಇಸ್ರೇಲ್, ಸ್ಪೇನ್. ಬ್ರೆಜಿಲ್ ಹೆಚ್ಚುಕಮ್ಮಿ ವರ್ಷವಿಡೀ ಕಳಿಸುತ್ತದೆ, ವರ್ಷದ ಕೊನೆಯ ತಿಂಗಳುಗಳಲ್ಲಿ ಅದರದ್ದೇ ರಾಜ್ಯಭಾರ. ಹೀಗೆ ಬರುವ ಹಣ್ಣಿನಲ್ಲಿ ದೊಡ್ಡ ಪಾಲು ನೆದರ್ಲೆಂಡ್ಸಿನ ರಾಟರ್‌ಡ್ಯಾಮ್ ಬಂದರಿನಲ್ಲಿ ಇಳಿದು ಅಲ್ಲಿಂದ ಬೇರೆ ದೇಶಗಳಿಗೆ ಹೋಗುತ್ತದೆ.

ಈಗ ರಾಮನಗರದ ಕಾಲ ನೋಡಿ. ಮಾರ್ಚ್ ಕೊನೆಯಿಂದ ಜೂನ್. ಪಶ್ಚಿಮ ಆಫ್ರಿಕಾದ ಸುಗ್ಗಿಯೂ ಅದೇ ಹೊತ್ತಿಗೆ! ಅವರಿಗೆ ಯುರೋಪು ಹತ್ತಿರ, ಹಡಗಿನಲ್ಲೇ ಕಳಿಸಬಹುದು, ಕೈಯಲ್ಲಿರುವುದು ಪ್ರಯಾಣ ತಾಳುವ ಕೆಂಟ್. ನಮ್ಮ ಬಾದಾಮಿಯದು ತೆಳು ಸಿಪ್ಪೆ, ಹಣ್ಣಾದ ಮೇಲೆ ಹೆಚ್ಚು ದಿನ ನಿಲ್ಲುವುದಿಲ್ಲ. ಹಾಗಾಗಿ ವಿಮಾನ ಹತ್ತಿಸಬೇಕು. ವಿಮಾನದ ಬಾಡಿಗೆ ಸೇರಿದರೆ ಬೆಲೆ ಎಲ್ಲಿಗೋ ಹೋಗುತ್ತದೆ. ಅಷ್ಟು ಕೊಟ್ಟು ಕೊಳ್ಳುವವರು ರುಚಿ ಗೊತ್ತಿರುವ ನಮ್ಮವರೇ. ಲಂಡನ್ನಿನ ವೆಂಬ್ಲಿ, ಸೌತಾಲ್, ಆಚೆ ಲೆಸ್ಟರ್ ಮುಂತಾದ ಕಡೆ ಭಾರತೀಯರ ಅಂಗಡಿಗಳಲ್ಲಿ ಡಜನ್ ಲೆಕ್ಕದ ಪೆಟ್ಟಿಗೆಗಳು ಖರ್ಚಾಗುತ್ತವೆ. ದೊಡ್ಡ ಸೂಪರ್ ಮಾರ್ಕೆಟ್ಟುಗಳ ಕಪಾಟು ಮಾತ್ರ ಮಲಗೋವಾ, ತೋತಾಪುರಿಯ ಮೊಮ್ಮಕ್ಕಳ ಕೈಯಲ್ಲೇ ಇದೆ.

ಒಂದು ನೊಣದ ಕತೆ

ಇದ್ದ ಆ ಸಣ್ಣ ಬಾಗಿಲೂ 2014ರಲ್ಲಿ ಮುಚ್ಚಿತು. ಭಾರತದಿಂದ ಹೋದ ಹಣ್ಣು ತರಕಾರಿಯ 207 ಸರಕುಗಳಲ್ಲಿ 2013ರಲ್ಲಿ ಕೀಟಗಳು ಸಿಕ್ಕಿವೆ ಅಂತ ಹೇಳಿ ಯುರೋಪಿನ ಒಕ್ಕೂಟ ಮಾವು, ಬದನೆ, ಹಾಗಲ, ಪಡವಲ, ಕೆಸು ಈ ಐದನ್ನು ನಿಷೇಧಿಸಿತು. ಜಾರಿಗೆ ಬಂದ ದಿನ ಮೇ 1. ರಾಮನಗರದಲ್ಲಿ ಕೊಯ್ಲು ಭರದಲ್ಲಿ ನಡೆಯುವ ದಿನಗಳವು. ಬ್ರಿಟನ್ನಿಗೇ ವರ್ಷಕ್ಕೆ ಸುಮಾರು 1.6 ಕೋಟಿ ಭಾರತದ ಮಾವಿನಹಣ್ಣುಗಳು ಹೋಗುತ್ತವೆ ಅಂತ ಆಗಿನ ಪತ್ರಿಕೆಗಳು ಬರೆದಿದ್ದವು.

ನಿಷೇಧಕ್ಕೆ ಮುಖ್ಯ ಕಾರಣ ಹಣ್ಣುನೊಣ. ಬಲಿತ ಕಾಯಿಯ ಸಿಪ್ಪೆಗೆ ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ. ಹೊರಗೆ ಸೂಜಿಮೊನೆಯಷ್ಟು ಗುರುತು. ಕೊಯ್ದು, ಅಡೆ ಹಾಕಿ, ಹಣ್ಣಾಗುವ ಹೊತ್ತಿಗೆ ಒಳಗೆ ಹುಳು. ನಮಗೆ ಇದು ಹೊಸದಲ್ಲ, ಆ ಭಾಗ ಕತ್ತರಿಸಿ ಬಿಸಾಡಿ ಉಳಿದದ್ದನ್ನು ತಿನ್ನುತ್ತೇವೆ. ಅವರಿಗೆ ಮಾತ್ರ ಆ ನೊಣ ತಮ್ಮ ತೋಟಗಳಿಗೆ ಇಳಿದರೆ ಎಂಬ ಭಯ.

ಇಂಥ ಬಾಗಿಲು ಮುಚ್ಚಿದ್ದು ಅದೇ ಮೊದಲಲ್ಲ. ಜಪಾನ್ 1986ರಿಂದ 2006ರವರೆಗೆ ನಮ್ಮ ಮಾವನ್ನು ಬಿಟ್ಟುಕೊಂಡಿರಲಿಲ್ಲ. ಅಮೆರಿಕ 1989ರಿಂದ 2007ರವರೆಗೆ. ಎರಡೂ ಕಡೆ ಬಾಗಿಲು ತೆರೆದದ್ದು ಹುಳು ಸಾಯಿಸುವ ವಿಧಾನ ಒಪ್ಪಿಗೆಯಾದ ಮೇಲೆ. ಜಪಾನಿಗೆ ಹಬೆಯ ಶಾಖ, ಅಮೆರಿಕಕ್ಕೆ ಗಾಮಾ ವಿಕಿರಣ. ನಮ್ಮ ಮಾಲೂರಿನಲ್ಲೂ ಅಂಥದೊಂದು ವಿಕಿರಣ ಘಟಕ ಇದೆ. ಯುರೋಪಿಗೆ ಒಪ್ಪಿಗೆಯಾದದ್ದು ಬಿಸಿನೀರಿನ ಸ್ನಾನ. 48 ಡಿಗ್ರಿ ನೀರಿನಲ್ಲಿ ಹಣ್ಣನ್ನು ಒಂದು ಗಂಟೆ ಮುಳುಗಿಸಿಡಬೇಕು. ಡಿಗ್ರಿ ಕಮ್ಮಿಯಾದರೆ ಹುಳು ಬದುಕುತ್ತದೆ, ಜಾಸ್ತಿಯಾದರೆ ಹಣ್ಣೇ ಬೆಂದುಹೋಗುತ್ತದೆ.

2015ರ ಜನವರಿಯಲ್ಲಿ ಮಾವಿನ ಮೇಲಿನ ನಿಷೇಧ ತೆಗೆಯಲು ಒಕ್ಕೂಟ ಒಪ್ಪಿತು. ನಾಲ್ಕು ತರಕಾರಿಗಳು ಇನ್ನೂ ಕಾಯಬೇಕಾಯಿತು. ಬಾಗಿಲು ತೆರೆಯಿತೇನೋ ಸರಿ, ಆದರೆ ಹೊಸಿಲು ಎತ್ತರವಾಗಿತ್ತು. ರಫ್ತಿನ ತೋಟ ನೋಂದಣಿಯಾಗಿರಬೇಕು, ಹಣ್ಣು ಯಾವ ತೋಟದ್ದು ಅಂತ ಪೆಟ್ಟಿಗೆಯಿಂದ ಹಿಂದಕ್ಕೆ ಪತ್ತೆ ಮಾಡುವಂತಿರಬೇಕು, ಒಪ್ಪಿಗೆ ಪಡೆದ ಘಟಕದಲ್ಲೇ ಬಿಸಿನೀರಿಗೆ ಹಾಕಿಸಬೇಕು. 2019ರ ಸೆಪ್ಟೆಂಬರಿನಿಂದ ಯುರೋಪು ಹಣ್ಣುನೊಣದ ನಿಯಮವನ್ನು ಆಫ್ರಿಕಾದ ದೇಶಗಳಿಗೂ ಬಿಗಿ ಮಾಡಿತು ಅನ್ನುವುದು ಬೇರೆ ಮಾತು.

ನಮ್ಮ ಕಡೆ ವ್ಯಾಪಾರ ನಡೆಯುವ ರೀತಿಗೂ ಈ ನಿಯಮಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ. ಎಷ್ಟೋ ತೋಟಗಳನ್ನು ಹೂವು, ಪಿಂದೆ ಇರುವಾಗಲೇ ವ್ಯಾಪಾರಿಗೆ ಗುತ್ತಿಗೆಗೆ ಕೊಟ್ಟುಬಿಡುತ್ತಾರೆ. ರೈತನಿಗೆ ಮುಂಗಡ ಸಿಗುತ್ತದೆ, ಏಪ್ರಿಲ್ಲಿನ ಗಾಳಿ, ಆಲಿಕಲ್ಲಿನ ಭಯ ವ್ಯಾಪಾರಿಯ ತಲೆಗೆ ಹೋಗುತ್ತದೆ. ತಪ್ಪೇನಿಲ್ಲ. ಆದರೆ ನೊಣದ ಬಲೆ ಕಟ್ಟುವುದು, ಬಿದ್ದ ಹಣ್ಣು ಆರಿಸಿ ಹೂಳುವುದು, ತೊಟ್ಟು ಬಿಟ್ಟು ಕೊಯ್ಯುವುದು ಇವೆಲ್ಲ ಯಾರ ಕೆಲಸ? ಒಂದು ಸುಗ್ಗಿಗೆ ಬಂದುಹೋಗುವ ಗುತ್ತಿಗೆದಾರನಿಗೆ ಅದರ ಗೊಡವೆ ಇಲ್ಲ, ಬೆಳೆ ಮಾರಿಬಿಟ್ಟ ರೈತನಿಗೂ ಇಲ್ಲ. ಹತ್ತು ತೋಟದ ಹಣ್ಣು ಮಂಡಿಯಲ್ಲಿ ಒಂದೇ ರಾಶಿಯಾದ ಮೇಲೆ ಯಾವುದು ಯಾರದು ಅಂತ ಹೇಳುವವರು ಯಾರು?

ಹೆಸರೂ ನಮ್ಮದಲ್ಲ

ಬಾದಾಮಿ ಅಂದರೆ ಆಲ್ಫಾನ್ಸೊ, ಮಹಾರಾಷ್ಟ್ರದವರ ಹಾಪುಸ್. ಪೋರ್ಚುಗೀಸರ ಅಫೋನ್ಸೊ ಡಿ ಆಲ್ಬುಕರ್ಕ್‌ನ ಹೆಸರು ಅದಕ್ಕೆ ಬಂತು ಅಂತ ಹೇಳುತ್ತಾರೆ, ಗೋವಾದಲ್ಲಿ ಕಸಿ ಕಟ್ಟುವುದನ್ನು ಬೆಳೆಸಿದವರು ಅವರೇ. ಯುರೋಪಿನಲ್ಲಿ ನೆಲೆಸಿದ ಭಾರತೀಯರಿಗೆ ಗೊತ್ತಿರುವುದು ಆಲ್ಫಾನ್ಸೊ ಎಂಬ ಹೆಸರು. 2018ರ ಅಕ್ಟೋಬರಿನಲ್ಲಿ ಆಲ್ಫಾನ್ಸೊಗೆ ಭೌಗೋಳಿಕ ಗುರುತು ಸಿಕ್ಕಿತು. ಅದು ರತ್ನಗಿರಿ, ಸಿಂಧುದುರ್ಗ ಮತ್ತು ಅಕ್ಕಪಕ್ಕದ ಕೊಂಕಣ ಜಿಲ್ಲೆಗಳಿಗೆ. ಕೊಂಕಣದವರ ಶ್ರಮಕ್ಕೆ ಸಿಕ್ಕಿದ್ದು ನ್ಯಾಯವೇ. ಆದರೆ ರಾಮನಗರ ತನ್ನ ಬಾದಾಮಿಯನ್ನು ಬಾದಾಮಿ ಎಂದೇ ಮಾರಿ ಹೆಸರು ಮಾಡಬೇಕಿತ್ತು. ಆ ಕೆಲಸ ಆಗಲೇ ಇಲ್ಲ.

ಡಬ್ಬಿಯಲ್ಲಿ ಹೋಗುವ ರಾಮನಗರ

ಹಾಗಂತ ನಮ್ಮ ಮಾವು ಯುರೋಪಿಗೆ ಹೋಗುವುದೇ ಇಲ್ಲ ಅಂದುಕೊಳ್ಳಬೇಡಿ. ತಿರುಳಾಗಿ ಹೋಗುತ್ತದೆ. ತೋತಾಪುರಿ ಲಾರಿಗಳಲ್ಲಿ ತಮಿಳುನಾಡಿನ ಕೃಷ್ಣಗಿರಿ, ಆಂಧ್ರದ ಚಿತ್ತೂರಿನ ಕಾರ್ಖಾನೆಗಳಿಗೆ ಸಾಗಿ ಅಲ್ಲಿ ತಿರುಳಾಗಿ ಡಬ್ಬಿ ಸೇರುತ್ತದೆ. ಕೊಲ್ಲಿ ದೇಶಗಳಿಗೆ, ನೆದರ್ಲೆಂಡ್ಸಿಗೆ, ಬ್ರಿಟನ್ನಿಗೆ ಹೋಗುತ್ತದೆ. ಅಲ್ಲಿನವರು ಕುಡಿಯುವ ಮಾವಿನ ರಸದಲ್ಲಿ, ಮೊಸರಿನ ಲಸ್ಸಿಯಲ್ಲಿ ಕನಕಪುರದ ಕಾಯಿ ಇದ್ದರೂ ಇರಬಹುದು. ಡಬ್ಬಿಯ ಮೇಲೆ ಊರಿನ ಹೆಸರು ಇರುವುದಿಲ್ಲ ಅಷ್ಟೆ.

ಈ ದಾರಿ ಎಷ್ಟು ಸಪೂರ ಅಂತ 2025ರ ಜೂನಿನಲ್ಲಿ ಎಲ್ಲರಿಗೂ ಗೊತ್ತಾಯಿತು. ತೋತಾಪುರಿ ಬೆಲೆ ಕುಸಿದಿತ್ತು. ತನ್ನ ರೈತರನ್ನು ಉಳಿಸಿಕೊಳ್ಳಲು ಚಿತ್ತೂರು ಜಿಲ್ಲಾಡಳಿತ ಕರ್ನಾಟಕದ ತೋತಾಪುರಿಗೆ ಗಡಿಯಲ್ಲೇ ತಡೆ ಹಾಕಿತು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ಆಂಧ್ರದ ಮುಖ್ಯಮಂತ್ರಿಗೂ ಕೇಂದ್ರಕ್ಕೂ ಪತ್ರ ಬರೆದರು. ಕ್ವಿಂಟಾಲ್ ಮಾವು ಬೆಳೆಯಲು 5,466 ರೂಪಾಯಿ ತಗಲುತ್ತದೆ, ಸಿಗುತ್ತಿರುವುದು 3,000 ಅಂತ ಕೇಂದ್ರಕ್ಕೆ ಬರೆದ ಪತ್ರದಲ್ಲಿತ್ತು. ಕೊನೆಗೆ ಕೇಂದ್ರ ಸರ್ಕಾರ ಕ್ವಿಂಟಾಲಿಗೆ 1,616 ರೂಪಾಯಿ ದರ ಗೊತ್ತು ಮಾಡಿ, 2.5 ಲಕ್ಷ ಟನ್‌ವರೆಗೆ ಬೆಂಬಲ ಕೊಡಲು ಒಪ್ಪಿತು.

ಲೆಕ್ಕ ಹಾಕಿ ನೋಡಿ, ಕಿಲೋಗೆ ಹದಿನಾರು ರೂಪಾಯಿ! ಕೊಯ್ಯುವ ಆಳಿನ ಕೂಲಿ, ಲಾರಿ ಬಾಡಿಗೆ, ಮಂಡಿಯ ಕಮಿಷನ್ ಎಲ್ಲ ಕಳೆದರೆ ಕೈಗೆ ಎಷ್ಟು ಉಳಿದೀತು? ತೋತಾಪುರಿಯ ಮೊಮ್ಮಗ ಕೆಂಟ್ ಅದೇ ವಾರ ರಾಟರ್‌ಡ್ಯಾಮಿನಲ್ಲಿ ಹಡಗಿನಿಂದ ಇಳಿಯುತ್ತಿದ್ದ.

ರಾಜ್ಯದಲ್ಲಿ 2011ರಿಂದಲೇ ಮಾವು ಅಭಿವೃದ್ಧಿ ನಿಗಮ ಇದೆ, ಮಾವಿನ ಮೇಳಗಳು ನಡೆಯುತ್ತವೆ, ರೈತರು ಗಿರಾಕಿಗಳಿಗೆ ನೇರವಾಗಿ ಮಾರುವುದೂ ಶುರುವಾಗಿದೆ. ಇವೆಲ್ಲ ಒಳ್ಳೆಯದೇ. ಆದರೆ ಈ ಇತಿಹಾಸ ಓದಿದಾಗ ನನಗೆ ಅನ್ನಿಸುವುದು ಇಷ್ಟು: ಯುರೋಪಿನ ಬಾಗಿಲು ರುಚಿಗೆ ತೆರೆಯುವುದಿಲ್ಲ. ಯಾವ ತಿಂಗಳು ಬರುತ್ತೀಯ, ಎಷ್ಟು ದಿನ ತಾಳುತ್ತೀಯ, ಒಳಗೆ ಹುಳು ಇಲ್ಲವೆಂದು ಹೇಗೆ ತೋರಿಸುತ್ತೀಯ ಅಂತ ಮೂರು ಪ್ರಶ್ನೆ ಕೇಳುತ್ತದೆ. ಮೊದಲನೆಯದು ನಮ್ಮ ಕೈಯಲ್ಲಿಲ್ಲ. ಎರಡನೆಯದಕ್ಕೆ ತಳಿ ಬದಲಿಸಬೇಕು, ಬಾದಾಮಿ ಬಿಟ್ಟು ಟಾಮಿ ಅಟ್ಕಿನ್ಸ್ ಬೆಳೆಯಿರಿ ಅಂತ ಹೇಳಲು ನನಗಂತೂ ಮನಸ್ಸು ಬಾರದು. ಮೂರನೆಯದು ಮಾತ್ರ ಪೂರ್ತಿ ನಮ್ಮ ಕೈಯಲ್ಲಿದೆ, ಅದೂ ತೋಟದಲ್ಲೇ ಆಗಬೇಕಾದ ಕೆಲಸ. ಅದರ ಜೊತೆಗೆ ತಿರುಳು ಮಾಡುವ ಕಾರ್ಖಾನೆಗಳು ಗಡಿಯ ಈಚೆಗೂ ಬೇಕಷ್ಟು ಇದ್ದರೆ ಪಕ್ಕದ ಜಿಲ್ಲೆಯ ಒಂದು ಆದೇಶಕ್ಕೆ ನಮ್ಮ ಲಾರಿಗಳು ರಸ್ತೆಯಲ್ಲಿ ನಿಲ್ಲುವುದು ತಪ್ಪೀತು.

ನೀವು ಹೊರದೇಶದಲ್ಲಿದ್ದರೆ ಅಲ್ಲಿನ ಅಂಗಡಿಯಲ್ಲಿ ಈಗ ಯಾವ ಊರಿನ ಮಾವು ಇದೆ, ಯಾವ ತಳಿ ಅಂತ ಚೀಟಿ ಓದಿ ತಿಳಿಸಿ. ಊರಲ್ಲಿದ್ದರೆ ಮಾವಿನ ಕಾಲದಲ್ಲಿ ಮಾಗಡಿ ರಸ್ತೆಯಲ್ಲೋ ಮೈಸೂರು ರಸ್ತೆಯಲ್ಲೋ ಗಾಡಿ ನಿಲ್ಲಿಸಿ, ತೋಟದವರ ಹತ್ತಿರವೇ ಒಂದೆರಡು ಡಜನ್ ಕೊಳ್ಳಿ. ಚೌಕಾಸಿ ಸ್ವಲ್ಪ ಕಮ್ಮಿ ಇರಲಿ.