ಗೋಡೆ ಒಡೆಯೋ ಮುಂಚೆ ಅದರ ಹಿಸ್ಟರಿ ಕೇಳಿ

ಪೂರಿಗಾಲಿ, ಮಳವಳ್ಳಿ ಕಡೆ ಹಳೇ ಮನೆ ರಿಪೇರಿ ಅಂದ ತಕ್ಷಣ ಒಂದು ಪ್ರಶ್ನೆ ಬರುತ್ತೆ: "ಈ ಗೋಡೆ ಒಡೆದ್ರೆ ದೊಡ್ಡ ಹಾಲ್ ಆಗಲ್ವಾ?" ಆಗಬಹುದು. ಆದ್ರೆ ಆ ಗೋಡೆ ಯಾಕೆ ಎದ್ದಿದ್ದು ಅಂತ ಮೊದಲು ಗೊತ್ತಿರಬೇಕು.

ಹಳೇ ಮೈಸೂರು ಸೀಮೆಯ ತೊಟ್ಟಿ ಮನೆ ನೋಡಿ. ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಸುತ್ತ ಮರದ ಕಂಬಗಳು, ಪಡಸಾಲೆ. ಊಟ, ರಾಗಿ ಹಸನು ಮಾಡೋದು, ಮದುವೆ ಮಾತುಕತೆ ಎಲ್ಲ ಅಲ್ಲೇ. ಓಪನ್ ಪ್ಲಾನ್ ನಮಗೆ ಹೊಸದಲ್ಲ. ಆದ್ರೆ ಆ ಬಯಲಿಗೆ ಆಧಾರ ಸುತ್ತಲಿನ ದಪ್ಪ ಮಣ್ಣಿನ ಗೋಡೆ. ತೊಲೆಯ ಒಂದು ತುದಿ ಕಂಬದ ಮೇಲೆ, ಇನ್ನೊಂದು ಗೋಡೆ ಮೇಲೆ. ಹೆಂಚಿನ ಭಾರ ಹಾಗೇ ನೆಲಕ್ಕಿಳಿಯುತ್ತೆ.

ಗೋಡೆಯನ್ನ ಈ ಕೆಲಸದಿಂದ ಬಿಡಿಸಿದ್ದು ಕಾಂಕ್ರೀಟ್ ಪಿಲ್ಲರ್. ಮುಂದೆ ಚಂಡೀಗಢದ ನಕ್ಷೆ ಮಾಡಿದ ಲ ಕಾರ್ಬೂಸಿಯೆ, 1914ರಲ್ಲೇ 'ಡೊಮ್-ಇನೊ' ಅನ್ನೋ ವಿನ್ಯಾಸ ಬರೆದರು. ಪಿಲ್ಲರ್, ಸ್ಲ್ಯಾಬ್, ಮೆಟ್ಟಿಲು, ಅಷ್ಟೇ. ಭಾರ ಪಿಲ್ಲರಿಗೆ, ಗೋಡೆ ಎಲ್ಲಿ ಬೇಕಾದ್ರೂ ಇಡಿ. ಆದ್ರೆ ನಮ್ಮಲ್ಲಿ ಪಿಲ್ಲರ್ ಇಲ್ಲದೆ ಕಟ್ಟಿದ ಮೋಲ್ಡ್ ಮನೆಗಳೂ ಇವೆ. ಅಲ್ಲಿ 9 ಇಂಚಿನ ಗೋಡೇನೇ ಪಿಲ್ಲರ್. ಮೋಲ್ಡ್ ಇದೆ ಅಂತ ಧೈರ್ಯವಾಗಿ ಸುತ್ತಿಗೆ ಎತ್ತಬೇಡಿ.

ಇನ್ನೊಂದು ಗೋಡೆ ಇದೆ: ಭಾಗದ ಗೋಡೆ. ಅಣ್ಣತಮ್ಮಂದಿರು ಬೇರೆಯಾದಾಗ ಪಡಸಾಲೆ ಮಧ್ಯೆ, ಕೆಲವು ಕಡೆ ತೊಟ್ಟಿ ಮಧ್ಯೆಯೇ ಎದ್ದಿದ್ದು. ಅದು ಸೂರು ಹೊರೋಕೆ ಕಟ್ಟಿದ್ದಲ್ಲ, ಒಲೆ ಬೇರೆ ಮಾಡೋಕೆ. ಮನೆ ಮತ್ತೆ ಬಯಲಾಗಬೇಕು ಅಂದ್ರೆ ಮೊದಲು ನೋಡಬೇಕಾದ್ದು ಇದನ್ನೇ.

ಅಲ್ಲೂ ಎರಡು ಎಚ್ಚರ. ಕಾಲ ಕಳೆದಂತೆ ತೊಲೆ ಬಾಗಿ ಈ ತೆಳು ಗೋಡೆ ಮೇಲೆ ಕೂತಿರಬಹುದು. ಅಟ್ಟ ಹತ್ತಿ ಟಾರ್ಚ್ ಬಿಟ್ಟು ನೋಡಿ. ಗೋಡೆ ತೊಲೆಗೆ ತಾಗಿದೆಯಾ? ಮೂಲೆಯಲ್ಲಿ ಹಳೇ ಗೋಡೆ ಜೊತೆ ಹೆಣೆದುಕೊಂಡಿದೆಯಾ, ಸುಮ್ನೆ ಅಂಟಿಕೊಂಡಿದೆಯಾ? ಆಮೇಲೂ ಕೊನೇ ಮಾತು ಎಂಜಿನಿಯರದ್ದು.

ಎರಡನೇದು ಕಾಗದ. ಆ ಗೋಡೆಯ ಅರ್ಧ ಚಿಕ್ಕಪ್ಪನ ಪಾಲಿಗೆ ಸೇರಿರಬಹುದು. ಭಾಗ ಬರೀ ಬಾಯಿಮಾತಲ್ಲಿ ಆಗಿದ್ರೆ, ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟ 2005ರ ತಿದ್ದುಪಡಿಯಿಂದ ಸೋದರತ್ತೆಯರ ಹಕ್ಕೂ ಅಲ್ಲಿರಬಹುದು. ಮೇಸ್ತ್ರಿಗೆ ಅಡ್ವಾನ್ಸ್ ಕೊಡೋ ಮುಂಚೆ ಅವರಿಗೊಂದು ಫೋನ್ ಮಾಡಿ. ತೊಟ್ಟಿ ಹೇಗಿತ್ತು, ಗೋಡೆ ಯಾವ ವರ್ಷ ಎದ್ದಿದ್ದು ಅಂತ ಹೇಳಬಲ್ಲವರೂ ಅವರೇ.