ಸ್ನಾತಕ ಸಂಶೋಧನೆ

ಸ್ನಾತಕ ಸಂಶೋಧನೆಯು ಪದವಿ ಹಂತದ ವಿದ್ಯಾರ್ಥಿಗಳು ಅಧ್ಯಾಪಕರ ಮಾರ್ಗದರ್ಶನದಲ್ಲಿ ಹೊಸ ಪ್ರಶ್ನೆಯೊಂದನ್ನು ಅನ್ವೇಷಿಸಿ, ದೊರೆತ ಫಲಿತಾಂಶವನ್ನು ಇತರರಿಗೆ ನಿರೂಪಿಸುವ ಶಿಕ್ಷಣಕ್ರಮ. ಸಾಮಾನ್ಯ ಪ್ರಯೋಗಾಲಯ ತರಗತಿಯಲ್ಲಿ ಉತ್ತರವು ಮೊದಲೇ ಗೊತ್ತಿರುತ್ತದೆ. ಇಲ್ಲಿ ಅದು ಮಾರ್ಗದರ್ಶಕರಿಗೂ ತಿಳಿದಿರುವುದಿಲ್ಲ.

ಇತಿಹಾಸ

ಬೋಧನೆ ಮತ್ತು ಸಂಶೋಧನೆ ಒಂದುಗೂಡಿರಬೇಕೆಂಬುದು 1810ರಲ್ಲಿ ಆರಂಭವಾದ ಬರ್ಲಿನ್ ವಿಶ್ವವಿದ್ಯಾಲಯದ ಮೂಲ ಆಶಯವಾಗಿತ್ತು. 1824ರಲ್ಲಿ ಜರ್ಮನಿಯ ಗೀಸನ್‌ಗೆ ಬಂದ ರಸಾಯನವಿಜ್ಞಾನಿ ಯುಸ್ಟುಸ್ ಲೀಬಿಗ್, ವಿದ್ಯಾರ್ಥಿಗಳಿಗೆ ಮೊದಲು ವಿಶ್ಲೇಷಣಾ ವಿಧಾನಗಳನ್ನು ಕಲಿಸಿ, ಬಳಿಕ ಸ್ವತಂತ್ರ ಸಮಸ್ಯೆಗಳನ್ನು ಒಪ್ಪಿಸುತ್ತಿದ್ದರು. ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಮಾರ್ಗರೆಟ್ ಮ್ಯಾಕ್‌ವಿಕಾರ್ 1969ರಲ್ಲಿ ಸ್ನಾತಕ ಸಂಶೋಧನಾ ಅವಕಾಶ ಕಾರ್ಯಕ್ರಮವನ್ನು ಸ್ಥಾಪಿಸಿದರು. ಅಲ್ಲಿ ವಿದ್ಯಾರ್ಥಿಗಳು ಈ ಕೆಲಸಕ್ಕೆ ವೇತನವನ್ನಾಗಲಿ ಶೈಕ್ಷಣಿಕ ಅಂಕವನ್ನಾಗಲಿ ಪಡೆಯಬಹುದು.

ಕಲಿಕೆಯ ಕ್ರಮ

ವಿದ್ಯಾರ್ಥಿಯು ಪ್ರಕಟಿತ ಪ್ರಬಂಧಗಳನ್ನು ಓದಿ ಪ್ರಶ್ನೆಯನ್ನು ರೂಪಿಸುತ್ತಾನೆ ಅಥವಾ ರೂಪಿಸುತ್ತಾಳೆ. ಪ್ರಸ್ತಾವನೆ ಬರೆದು, ಪ್ರಯೋಗದ ವಿವರಗಳನ್ನು ಅಂದಂದೇ ದಾಖಲಿಸಬೇಕು. ವರದಿಯಲ್ಲಿ ಸಾಮಾನ್ಯವಾಗಿ ಪೀಠಿಕೆ, ವಿಧಾನ, ಫಲಿತಾಂಶ ಮತ್ತು ಚರ್ಚೆ ಎಂಬ ನಾಲ್ಕು ಭಾಗಗಳಿರುತ್ತವೆ. ವಿಧಾನವನ್ನು ಅಪರಿಚಿತರೂ ಪುನರಾವರ್ತಿಸುವಷ್ಟು ಸ್ಪಷ್ಟವಾಗಿ ಬರೆಯಬೇಕು. ಕಂಡದ್ದನ್ನು ಫಲಿತಾಂಶದಲ್ಲೂ ಅದರ ಅರ್ಥವನ್ನು ಚರ್ಚೆಯಲ್ಲೂ ಬೇರೆಬೇರೆಯಾಗಿ ಇಡಬೇಕು. ಹೀಗೆ ಬರೆಯುವಾಗಲೇ ತರ್ಕದ ಬಿರುಕುಗಳು ಗೋಚರಿಸುವುದರಿಂದ ಬರವಣಿಗೆಯೂ ಸಂಶೋಧನೆಯ ಅಂಗವಾಗಿದೆ.

ಮಿತಿಗಳು

ಈ ಕ್ರಮಕ್ಕೆ ಅಧ್ಯಾಪಕರ ಸಮಯ ಹೆಚ್ಚು ಬೇಕು. ಮಾರ್ಗದರ್ಶನ ಸಡಿಲವಾದರೆ ವಿದ್ಯಾರ್ಥಿಯು ಪ್ರಶ್ನೆಯನ್ನೇ ಅರಿಯದೆ ಅಳತೆ ತೆಗೆಯುವ ಸಹಾಯಕನಾಗಿ ಉಳಿಯುವ ಅಪಾಯವಿದೆ.

ಭಾರತದಲ್ಲಿ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು 2011ರಲ್ಲಿ ನಾಲ್ಕು ವರ್ಷಗಳ ವಿಜ್ಞಾನ ಪದವಿಯನ್ನು ಆರಂಭಿಸಿತು. ಅದರ ಅಂತಿಮ ವರ್ಷದಲ್ಲಿ ಸಂಶೋಧನಾ ಯೋಜನೆಗೆ ಪ್ರಾಧಾನ್ಯವಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಸಂಶೋಧನೆಯನ್ನೊಳಗೊಂಡ ನಾಲ್ಕು ವರ್ಷಗಳ ಪದವಿಗೆ ಅವಕಾಶ ಕಲ್ಪಿಸಿದೆ.