ಅದಿರಿನ ಹಣ, ಆಟಗಾರನ ಸಂಬಳ: ಕಾಳಿ ನದಿಯ ಎರಡು ದಡಗಳು

ಕಾರವಾರದಿಂದ ಉತ್ತರಕ್ಕೆ ಕಾಳಿ ನದಿಯನ್ನು ದಾಟಿ, ಸದಾಶಿವಗಡ ಮತ್ತು ಮಾಜಾಳಿಗಳನ್ನು ಹಿಂದಿಕ್ಕಿದರೆ ಗೋವಾದ ಗಡಿ ಎದುರಾಗುತ್ತದೆ. ಅಲ್ಲಿಂದ ಕಾಣಕೋಣದ ಮೂಲಕ ಸಾಗಿ ಮಡಗಾಂವ್ ತಲುಪುವ ಹೊತ್ತಿಗೆ ಕ್ರಮಿಸಿದ ಒಟ್ಟು ದೂರ ಸುಮಾರು 70 ಕಿಲೋಮೀಟರ್. ಆ ಊರಿನ ಫಾತೋರ್ಡಾ ಕ್ರೀಡಾಂಗಣ ಭಾರತದ ವೃತ್ತಿಪರ ಫುಟ್‌ಬಾಲಿನ ಮುಖ್ಯ ನೆಲೆಗಳಲ್ಲಿ ಒಂದು. ಬೆಂಗಳೂರಿನ ಕಂಠೀರವ ಕ್ರೀಡಾಂಗಣವಾದರೋ ಕಾರವಾರದಿಂದ ಐನೂರು ಕಿಲೋಮೀಟರಿಗೂ ಆಚೆ ಇದೆ. ನದಿಯ ಎರಡೂ ದಡಗಳಲ್ಲಿ ಕೊಂಕಣಿ ಕೇಳಿಸುತ್ತದೆ, ಎದುರಿಗಿರುವುದು ಒಂದೇ ಸಮುದ್ರ, ಕಾಲಡಿ ಇರುವುದು ಒಂದೇ ಕೆಂಪು ಜಂಬಿಟ್ಟಿಗೆಯ ನೆಲ. ಆದರೂ ಚೆಂಡನ್ನು ಒದೆಯುವುದೇ ಒಬ್ಬ ಯುವಕನ ಜೀವನೋಪಾಯವಾಗಬಲ್ಲ ವ್ಯವಸ್ಥೆ ಆ ದಡದಲ್ಲಿ ಬೆಳೆದು ಈ ದಡದಲ್ಲಿ ಬೆಳೆಯದೆ ಉಳಿದದ್ದೇಕೆ ಎಂಬ ಪ್ರಶ್ನೆಗೆ ಜನರ ಆಸಕ್ತಿಯ ಹೆಚ್ಚುಕಡಿಮೆಯಲ್ಲಿ ಉತ್ತರ ಸಿಗುವುದಿಲ್ಲ. ಅದಿರಿನ ಹಣ ಎಲ್ಲಿ ನಿಂತಿತು, ಎಲ್ಲಿ ಬರಿದೆ ಹಾದುಹೋಯಿತು ಎಂಬುದರಲ್ಲಿ ಸಿಗುತ್ತದೆ.

ಗೋವಾಕ್ಕೆ ಫುಟ್‌ಬಾಲನ್ನು ತಂದವರು 1883ರಲ್ಲಿ ಶಿವೋಲಿ ಗ್ರಾಮಕ್ಕೆ ಬಂದ ವಿಲಿಯಂ ರಾಬರ್ಟ್ ಲಯನ್ಸ್ ಎಂಬ ಬ್ರಿಟಿಷ್ ಪಾದ್ರಿ ಎಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಚರ್ಚಿನ ಅಂಗಳ ಮತ್ತು ಶಾಲೆಯ ಬಯಲುಗಳಲ್ಲಿ ಆಟ ಬೇರೂರಿತಾದರೂ ಜನಪ್ರಿಯತೆಯೊಂದೇ ಯಾವ ಆಟಗಾರನಿಗೂ ತಿಂಗಳ ಸಂಬಳ ಕೊಡಲಾರದು. ಸಂಬಳ ಬಂದದ್ದು ಪೋರ್ಚುಗೀಸ್ ಸರ್ಕಾರ ಸ್ಥಳೀಯ ವರ್ತಕ ಮನೆತನಗಳಿಗೆ ನೀಡಿದ್ದ ಗಣಿ ಗುತ್ತಿಗೆಗಳು ಎರಡನೆಯ ಮಹಾಯುದ್ಧದ ನಂತರ, ಮುಖ್ಯವಾಗಿ ಜಪಾನಿನ ಉಕ್ಕಿನ ಕಾರ್ಖಾನೆಗಳ ಬೇಡಿಕೆಯಿಂದ, ಲಾಭ ಕೊಡತೊಡಗಿದ ಮೇಲೆ. ಮಾಂಡವಿ ಮತ್ತು ಜುವಾರಿ ನದಿಗಳಲ್ಲಿ ಅದಿರು ತುಂಬಿದ ಬಾರ್ಜುಗಳು, ಅಂದರೆ ಚಪ್ಪಟೆ ತಳದ ಸರಕು ದೋಣಿಗಳು, ಮುರಗಾಂವ್ ಬಂದರಿಗೆ ಸಾಲುಸಾಲಾಗಿ ಇಳಿಯುತ್ತಿದ್ದ ಕಾಲದಲ್ಲಿ, 1956ರಲ್ಲಿ, ಸಾಲ್ಗಾಂವ್ಕರ್ ತಂಡ ಹುಟ್ಟಿತು. ಡೆಂಪೊ ಮತ್ತು ಸೇಸಾ ಗೋವಾ ಗಣಿ ಸಂಸ್ಥೆಗಳ ಹೆಸರಿನ ತಂಡಗಳು ಅನಂತರ ಬಂದವು. ಗಣಿಯ ಒಡೆಯರು ಅದೇ ಊರುಗಳಲ್ಲಿ ವಾಸವಾಗಿದ್ದರು, ಅವರ ನೌಕರರು ಭಾನುವಾರ ಮೈದಾನಕ್ಕೆ ಹೋಗುತ್ತಿದ್ದರು. ಹೀಗಾಗಿ ತಂಡ ಕಟ್ಟುವುದು ಗಣಿಯ ಒಡೆಯನಿಗೆ ಊರಿನಲ್ಲಿ ಮರ್ಯಾದೆ ತರುವ ಖರ್ಚಾಗಿತ್ತು.

ಆ ಕಾಲದ ಆಟಗಾರನ ಸಂಬಳದ ಸ್ವರೂಪವನ್ನು ತುಸು ವಿವರವಾಗಿ ನೋಡಬೇಕು, ಏಕೆಂದರೆ ಇಂದಿನ ಕೋಟಿಗಳ ಲೆಕ್ಕ ಅರ್ಥವಾಗುವುದು ಅದರ ಎದುರಿಗಿಟ್ಟಾಗಲೇ. ಆಟಗಾರನ ಹೆಸರು ಕಂಪನಿಯ ಹಾಜರಿ ಪುಸ್ತಕದಲ್ಲಿರುತ್ತಿತ್ತು, ಗುಮಾಸ್ತನಂತೆಯೋ ಮೇಸ್ತ್ರಿಯಂತೆಯೋ ಅವನಿಗೊಂದು ಹುದ್ದೆ ಇರುತ್ತಿತ್ತು, ಮತ್ತು ಮೊಣಕಾಲು ಸೋತು ಆಟ ನಿಂತ ಮೇಲೂ ಆ ಹುದ್ದೆ ಮುಂದುವರಿಯುತ್ತಿತ್ತು. ಬೆಂಗಳೂರಿನಲ್ಲಿ ಐಟಿಐ, ಎಚ್‌ಎಎಲ್‌ನಂಥ ಸಾರ್ವಜನಿಕ ಉದ್ಯಮಗಳ ತಂಡಗಳು ನಡೆದುಕೊಂಡದ್ದೂ ಹೀಗೆಯೇ. ಇವನ್ನು ಇಲಾಖಾ ತಂಡಗಳೆಂದು ಕರೆಯುವ ರೂಢಿ ಇತ್ತು. ಅಂಥ ನೌಕರಿಯಲ್ಲಿ ಆಟದ ಪ್ರತಿಫಲ ಇಡೀ ಬದುಕಿನ ಮೇಲೆ ತೆಳ್ಳಗೆ ಹರಡಿಕೊಂಡಿರುತ್ತಿತ್ತು. ಕೈಗೆ ಒಮ್ಮೆಲೇ ದೊಡ್ಡ ಮೊತ್ತ ಬರುತ್ತಿರಲಿಲ್ಲ, ಆದರೆ ನಿವೃತ್ತಿಯವರೆಗೂ ಮನೆಯ ಒಲೆ ಉರಿಯುತ್ತಿತ್ತು. ಈ ನೆಮ್ಮದಿಯ ಬೆಲೆಯನ್ನು ಭಾರತೀಯ ಫುಟ್‌ಬಾಲಿನ ಇತಿಹಾಸ ಬರೆದವರು ಸಾಕಷ್ಟು ಗಮನಿಸಿಲ್ಲವೆನ್ನಬೇಕು.

ಹೆಚ್ಚಿನ ಹಣ ಮತ್ತು ದೊಡ್ಡ ಹೆಸರು ಬೇಕಾದವರು ಕೋಲ್ಕತ್ತಕ್ಕೆ ಹೋಗುತ್ತಿದ್ದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಆಡಿದ ಬೆಂಗಳೂರಿನ ಅಹ್ಮದ್ ಖಾನ್ ಮರುವರ್ಷವೇ ಈಸ್ಟ್ ಬೆಂಗಾಲ್ ಸೇರಿದರು. ಅಲ್ಲಿನ ಪ್ರಸಿದ್ಧ ಐವರು ಮುಂಚೂಣಿ ಆಟಗಾರರಲ್ಲಿ ಅವರೂ ಒಬ್ಬರಾದರು. ಆಗ ಭಾರತದ ಫುಟ್‌ಬಾಲ್ ನಿಯಮದ ಪ್ರಕಾರ ಹವ್ಯಾಸಿ ಆಟವಾಗಿತ್ತು. ಇಂಗ್ಲೆಂಡಿನಲ್ಲಿ ಹಣ ಕೊಟ್ಟು ಆಡಿಸುವುದನ್ನು 1885ರಲ್ಲೇ ಒಪ್ಪಿಕೊಂಡಿದ್ದರೂ ಸಂಬಳಕ್ಕೆ ಮೇಲ್ಮಿತಿ ಇತ್ತು: 1901ರಲ್ಲಿ ವಾರಕ್ಕೆ 4 ಪೌಂಡ್, 1961ರ ಹೊತ್ತಿಗೆ 20 ಪೌಂಡ್. ಆಟಗಾರರ ಸಂಘ ಮುಷ್ಕರದ ಎಚ್ಚರಿಕೆ ಕೊಟ್ಟ ಮೇಲೆ ಅದೇ ವರ್ಷದ ಜನವರಿಯಲ್ಲಿ ಆ ಮಿತಿ ಬಿದ್ದುಹೋಗಿ, ಫುಲ್‌ಹ್ಯಾಮ್ ತಂಡದ ಜಾನಿ ಹೇನ್ಸ್ ವಾರಕ್ಕೆ 100 ಪೌಂಡ್ ಪಡೆಯತೊಡಗಿದರು. 1995ರ ಬೋಸ್ಮನ್ ತೀರ್ಪು ಇನ್ನೊಂದು ಬಾಗಿಲು ತೆರೆಯಿತು. ಕರಾರು ಮುಗಿದ ಆಟಗಾರ ಬೇರೆ ತಂಡಕ್ಕೆ ಹೋಗುವಾಗಲೂ ಹಳೆಯ ತಂಡಕ್ಕೆ ಸಲ್ಲಬೇಕಾಗಿದ್ದ ವರ್ಗಾವಣೆ ಶುಲ್ಕವನ್ನು ಯುರೋಪಿನ ನ್ಯಾಯಾಲಯ ರದ್ದುಪಡಿಸಿದ್ದರಿಂದ, ತಂಡಗಳ ನಡುವೆ ಓಡಾಡುತ್ತಿದ್ದ ಹಣದ ದೊಡ್ಡ ಪಾಲು ಆಟಗಾರನ ಕೈಗೇ ಬರತೊಡಗಿತು.

ಭಾರತದಲ್ಲಿ 1996ರಲ್ಲಿ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಆರಂಭವಾದಾಗ ಕರಾರಿನ ಕಾಲ ಬಂದಿತು. ಬೆಂಗಳೂರಿನ ಕಾರ್ಲ್‌ಟನ್ ಚಾಪ್‌ಮನ್ ಅವರ ವೃತ್ತಿಜೀವನ ಈ ಬದಲಾವಣೆಯ ನಕಾಶೆಯಂತಿದೆ: ಈಸ್ಟ್ ಬೆಂಗಾಲ್, ಪಂಜಾಬಿನ ಜೆಸಿಟಿ, 1997ರಲ್ಲಿ ವೃತ್ತಿಪರ ತಂಡವಾಗಿಯೇ ಹುಟ್ಟಿದ ಎಫ್‌ಸಿ ಕೊಚ್ಚಿನ್, ಮತ್ತೆ ಈಸ್ಟ್ ಬೆಂಗಾಲ್. ಕೊಚ್ಚಿನ್ ತಂಡ ಕೆಲವೇ ವರ್ಷಗಳಲ್ಲಿ ಹಣವಿಲ್ಲದೆ ಮುಚ್ಚಿತು. ಹಾಜರಿ ಪುಸ್ತಕದ ನೌಕರಿ ಹೋಗಿ ಕರಾರು ಬಂದಾಗ ಆಟಗಾರ ಬದುಕಿನ ಅಷ್ಟೂ ಗಳಿಕೆಯನ್ನು ಹತ್ತು ಹನ್ನೆರಡು ವರ್ಷಗಳಲ್ಲಿ ಒಟ್ಟುಮಾಡಿಕೊಳ್ಳಬೇಕಾಯಿತು. ಮೂವತ್ತು ದಾಟಿದ ಆಟಗಾರ ದೂರದ ದೇಶದ ದೊಡ್ಡ ಮೊತ್ತಕ್ಕೆ ಹೊರಟುಹೋಗುವುದನ್ನು ದುರಾಸೆಯೆಂದು ಬಗೆಯುವವರು ಈ ಲೆಕ್ಕವನ್ನು ಮರೆಯುತ್ತಾರೆ. 1975ರಲ್ಲಿ 34 ವರ್ಷದ ಪೆಲೆ ನ್ಯೂಯಾರ್ಕಿನ ಕಾಸ್ಮೋಸ್ ತಂಡಕ್ಕೂ, 1991ರಲ್ಲಿ 38 ವರ್ಷದ ಜೀಕೊ ಜಪಾನಿನ ಸುಮಿಟೊಮೊ ಉಕ್ಕಿನ ಕಂಪನಿಯ ತಂಡಕ್ಕೂ ಹೋದ ದಾರಿ ಇದೇ.

ಇತ್ತ ಕಾಳಿಯ ದಕ್ಷಿಣದಲ್ಲಿಯೂ ಅದಿರು ಬಂದಿತು, ಆದರೆ ಬೇರೆ ರೀತಿಯಲ್ಲಿ. ಹುಬ್ಬಳ್ಳಿ–ಅಂಕೋಲಾ ರೈಲುಮಾರ್ಗ ಕಾಡಿನ ಪ್ರಶ್ನೆಯಿಂದಾಗಿ ಕಾಗದದಲ್ಲೇ ಉಳಿದದ್ದರಿಂದ, ಚೀನಾದ ಬೇಡಿಕೆ ಏರಿದ 2000ದ ದಶಕದಲ್ಲಿ ಬಳ್ಳಾರಿ–ಹೊಸಪೇಟೆಯ ಅದಿರು ಲಾರಿಗಳಲ್ಲಿಯೇ ಅರಬೈಲ್ ಘಟ್ಟ ಇಳಿದು ಕಾರವಾರ ಮತ್ತು ಅಂಕೋಲಾ ತಾಲೂಕಿನ ಬೇಲೆಕೇರಿ ಬಂದರುಗಳನ್ನು ಸೇರುತ್ತಿತ್ತು. ತಾಡಪಾಲಿನ ಅಂಚಿನಿಂದ ಸೋರಿದ ಕೆಂಪು ಹುಡಿ ಘಟ್ಟದ ತಿರುವುಗಳ ಮರಗಳಿಂದ ಹಿಡಿದು ಬಾಳೆಗುಳಿ ಕ್ರಾಸಿನ ಅಂಗಡಿಗಳ ಹಲಗೆಗಳವರೆಗೆ ಕೂತುಕೊಳ್ಳುತ್ತಿತ್ತು; ಮಳೆ ಬಂದರೆ ಅದೇ ಹುಡಿ ರಾಡಿಯಾಗಿ ಚರಂಡಿಯಲ್ಲಿ ಹರಿಯುತ್ತಿತ್ತು. ಗಣಿಯ ಒಡೆಯರು ಘಟ್ಟದ ಮೇಲಿದ್ದರು, ಕೊಳ್ಳುವವರು ಸಮುದ್ರದಾಚೆ ಇದ್ದರು. ಈ ಊರುಗಳ ಪಾಲಿಗೆ ದಕ್ಕಿದ್ದು ಹೆಚ್ಚೆಂದರೆ ಟ್ರಿಪ್ಪಿನ ಬಾಡಿಗೆ, ಲೋಡಿಂಗ್ ಕೂಲಿ, ಢಾಬಾದ ವ್ಯಾಪಾರ ಮತ್ತು ಧೂಳು. ಇಲ್ಲಿನ ಹೆಸರಿಟ್ಟುಕೊಂಡು ಇಲ್ಲಿನ ಹುಡುಗರಿಗೆ ಸಂಬಳ ಕೊಡಬೇಕೆನ್ನುವ ಹಂಗು ಆ ಹಣಕ್ಕೆ ಇರಲಿಲ್ಲ. 2010ರಲ್ಲಿ ಅರಣ್ಯ ಇಲಾಖೆ ಬೇಲೆಕೇರಿಯಲ್ಲಿ ಜಪ್ತಿ ಮಾಡಿದ್ದ ಲಕ್ಷಾಂತರ ಟನ್ ಅದಿರು ಬಂದರಿನಿಂದಲೇ ಕಾಣೆಯಾದ ಪ್ರಕರಣ ಹೊರಬಿದ್ದಿತು. ರಾಜ್ಯ ಸರ್ಕಾರ ರಫ್ತನ್ನು ನಿಷೇಧಿಸಿತು, 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು, 2012ರಲ್ಲಿ ಗೋವಾದ ಗಣಿಗಳೂ ನಿಂತವು.

ಗೋವಾದ ಅದಿರು ನಿಂತರೂ ಅದರ ಒಡೆಯರು ಆಟವನ್ನು ತಕ್ಷಣ ಬಿಡಲಿಲ್ಲ. 2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಆರಂಭವಾದಾಗ ಎಫ್‌ಸಿ ಗೋವಾದ ಪಾಲುದಾರರಲ್ಲಿ ಡೆಂಪೊ ಮತ್ತು ಸಾಲ್ಗಾಂವ್ಕರ್ ಮನೆತನದವರಿದ್ದರು. ಜನರನ್ನು ಸೆಳೆಯಲೆಂದು ಪ್ರತಿ ತಂಡವೂ ಹೆಸರಾಂತ ವಿದೇಶಿ ಆಟಗಾರನೊಬ್ಬನನ್ನು ದೊಡ್ಡ ಸಂಭಾವನೆಗೆ ತರಬೇಕೆಂದು ಲೀಗ್ ಬಯಸಿತು. ಅಂಥವನಿಗೆ ಮಾರ್ಕೀ ಆಟಗಾರನೆಂದು ಹೆಸರು. 1998ರ ವಿಶ್ವಕಪ್ ಗೆದ್ದ ಫ್ರಾನ್ಸ್ ತಂಡದ ರಾಬರ್ಟ್ ಪಿರೆಸ್ 2011ರಲ್ಲೇ ಇಂಗ್ಲೆಂಡಿನ ಮೈದಾನ ಬಿಟ್ಟಿದ್ದವರು, ತಮ್ಮ ನಲವತ್ತೊಂದನೆಯ ಹುಟ್ಟುಹಬ್ಬದ ಆಸುಪಾಸಿನಲ್ಲಿ ಫಾತೋರ್ಡಾಕ್ಕೆ ಬಂದು ಎಂಟು ಪಂದ್ಯಗಳಲ್ಲಿ ಒಂದು ಗೋಲು ಹೊಡೆದರು. ಎರಡು ತಿಂಗಳ ಆ ಲೀಗಿನಲ್ಲಿ ಅವರ ತರಬೇತುದಾರರಾಗಿದ್ದವರು ಜೀಕೊ. ಉಕ್ಕಿನ ಕಂಪನಿಯ ಹಣಕ್ಕೆ ಒಮ್ಮೆ ಜಪಾನಿಗೆ ಹೋಗಿದ್ದವರು ಈಗ ಅದಿರಿನ ಮನೆತನಗಳ ತಂಡವನ್ನು ಪಳಗಿಸುತ್ತಿದ್ದರು. ಮರುವರ್ಷದ ಹರಾಜಿನಲ್ಲಿ ಸುನಿಲ್ ಛೆಟ್ರಿ ಅವರಿಗೆ ಮುಂಬೈ ತಂಡ 1.20 ಕೋಟಿ ರೂಪಾಯಿ ಕೂಗಿತು. ಹಳೆಯ ಗಣಿ ತಂಡಗಳು ಮಾತ್ರ ಆಗ ರಾಷ್ಟ್ರಮಟ್ಟದಲ್ಲಿ ಉಳಿಯಲಿಲ್ಲ. 2016ರಲ್ಲಿ ಸಾಲ್ಗಾಂವ್ಕರ್ ಮತ್ತು ಡೆಂಪೊ, ರಾಷ್ಟ್ರೀಯ ಫುಟ್‌ಬಾಲ್ ಲೀಗಿನ ಮುಂದುವರಿಕೆಯಾದ ಐ-ಲೀಗ್‌ನಿಂದ ಹೊರಬಂದವು.

ಬಳ್ಳಾರಿಯ ಅದಿರೂ ಕಡೆಗೊಂದು ತಂಡವನ್ನು ಹುಟ್ಟಿಸಿತೆನ್ನಬಹುದು, ಆದರೆ ಅದು ಹುಟ್ಟಿದ್ದು ಕರಾವಳಿಯಲ್ಲಲ್ಲ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ನಡೆಸುವ ಜೆಎಸ್‌ಡಬ್ಲ್ಯು ಸಮೂಹ 2013ರಲ್ಲಿ ಬೆಂಗಳೂರು ಎಫ್‌ಸಿಯನ್ನು ಸ್ಥಾಪಿಸಿತು. ಮೊದಲ ವರ್ಷವೇ ಅದು ಐ-ಲೀಗ್ ಗೆದ್ದಿತು. ಅದೇ ಸಮೂಹ 2023ರಲ್ಲಿ ಅಂಕೋಲಾ ತಾಲೂಕಿನ ಕೇಣಿಯಲ್ಲಿ ನಾಲ್ಕು ಸಾವಿರ ಕೋಟಿ ರೂಪಾಯಿ ಮೀರಿದ ಬಂದರು ಕಟ್ಟುವ ಗುತ್ತಿಗೆ ಪಡೆದ ಮೇಲೆ, ಬಲೆ ಹಾಸುವ ದಡ ಕೈತಪ್ಪುತ್ತದೆಂದು ಮೀನುಗಾರರು ಬೀದಿಗಿಳಿದರು. ಬಂದರಿನ ಹೆಸರಿನಲ್ಲಿ ಈ ತಾಲೂಕಿನ ಪಾಲಿಗೆ ಈ ಬಾರಿಯಾದರೂ ಏನು ನಿಲ್ಲುತ್ತದೆ ಎಂದು ಕೇಳುವ ಹಕ್ಕು, ಬೇಲೆಕೇರಿಯ ಧೂಳು ಕುಡಿದವರಿಗೆ ಖಂಡಿತವಾಗಿ ಇದೆ.

2025ರ ಆಗಸ್ಟಿನಲ್ಲಿ ಇಂಡಿಯನ್ ಸೂಪರ್ ಲೀಗಿನ ಭವಿಷ್ಯವೇ ಅನಿಶ್ಚಿತವಾದಾಗ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ತಡೆಹಿಡಿಯಿತು. ಅದಾಗಿ ಮೂರು ತಿಂಗಳೊಳಗೆ, ಅಕ್ಟೋಬರ್ 22ರಂದು, ಏಷ್ಯಾದ ಕ್ಲಬ್ ಪಂದ್ಯಾವಳಿಯೊಂದರಲ್ಲಿ ಆಡಲು ಸೌದಿ ಅರೇಬಿಯಾದ ಅಲ್ ನಸ್ರ್ ತಂಡ ಫಾತೋರ್ಡಾಕ್ಕೆ ಬಂದಿತು. ವರ್ಷಕ್ಕೆ ಸುಮಾರು 20 ಕೋಟಿ ಯೂರೊ ಪಡೆಯುತ್ತಾರೆಂದು ವರದಿಯಾಗಿದ್ದ, ನಲವತ್ತು ವಯಸ್ಸಿನ ಕ್ರಿಸ್ಟಿಯಾನೊ ರೊನಾಲ್ಡೊ ಆ ತಂಡದೊಂದಿಗೆ ಪ್ರಯಾಣ ಮಾಡಲಿಲ್ಲ. ಎಫ್‌ಸಿ ಗೋವಾ 1–2ರಿಂದ ಸೋತ ಆ ಪಂದ್ಯದಲ್ಲಿ ಆತಿಥೇಯರ ಒಂದು ಗೋಲನ್ನು ಹೊಡೆದವರು ಗೋವಾದವರೇ ಆದ ಬ್ರೈಸನ್ ಫೆರ್ನಾಂಡಿಸ್.